ಉಣ್ಣೆಗೆ ಊರಿನ ಬಣ್ಣ: ಗೆಲ್ಲಲು ಹದಿನೈದು ಸೂತ್ರಗಳು

ಅಡಿಕೆ ಸುಲಿಯುವ ಕಾಲದಲ್ಲಿ ಗುಬ್ಬಿ ಸೀಮೆಯ ಹಳ್ಳಿಗಳಲ್ಲಿ ಚೇಣಿದಾರರ ಮನೆ ಮುಂದೆ ದೊಡ್ಡ ಹಂಡೆ ಕುದಿಯುತ್ತಿರುತ್ತದೆ. ಅದರೊಳಗಿನ ನೀರು ಕಡುಗೆಂಪು. ಅದೇ ತುಮಕೂರು ಜಿಲ್ಲೆಯ ಶಿರಾ, ಪಾವಗಡ, ಮಧುಗಿರಿಯ ಬಯಲಲ್ಲಿ ಕುರಿ ಹಿಂಡುಗಳು ಮೇಯುತ್ತವೆ. ಕತ್ತರಿಸಿದ ಉಣ್ಣೆಯನ್ನು ಕೇಳುವವರು ಮಾತ್ರ ಕಡಿಮೆ. ಉಣ್ಣೆ ಇಲ್ಲೇ ಇದೆ, ಬಣ್ಣವೂ ಇಲ್ಲೇ ಇದೆ. ಎರಡನ್ನೂ ಒಂದೇ ಪಾತ್ರೆಗೆ ಇಳಿಸುವ ಕೆಲಸವಷ್ಟೇ ಬಾಕಿ. ಮನೆಯಲ್ಲಿ ಹೆಣಿಗೆ ಹಾಕುವವರು, ಕಂಬಳಿ ನೇಯುವವರು, ಸ್ವಸಹಾಯ ಸಂಘದಲ್ಲಿ ಹೊಸದೇನಾದರೂ ಮಾಡಬೇಕೆಂದಿರುವ ಹೆಣ್ಣುಮಕ್ಕಳು ಧೈರ್ಯವಾಗಿ ಕೈ ಹಾಕಬಹುದಾದ ಕಸುಬಿದು.

1. ಬಣ್ಣವನ್ನು ಅಂಗಡಿಯಲ್ಲಿ ಹುಡುಕುವ ಮೊದಲು ಊರಿನ ಕಸುಬು ನೋಡಿ. ಯಾವ ಕಸುಬಿನವರು ಏನನ್ನು ಎಸೆಯುತ್ತಾರೆ ಎಂದು ಒಂದು ಪಟ್ಟಿ ಮಾಡಿ. ಹೋಟೆಲಿನ ಈರುಳ್ಳಿ ಸಿಪ್ಪೆ, ಜ್ಯೂಸ್ ಅಂಗಡಿಯ ದಾಳಿಂಬೆ ಸಿಪ್ಪೆ, ಹಬ್ಬ ಮುಗಿದ ಮೇಲೆ ಉಳಿದ ಚೆಂಡು ಹೂ, ಸಾ ಮಿಲ್ಲಿನ ಹಲಸಿನ ಪುಡಿ, ಎಳನೀರು ಅಂಗಡಿಯ ಮಟ್ಟೆ, ಅಡಿಕೆ ಹಂಡೆಯ ಚೊಗರು. ಇವೆಲ್ಲವೂ ಉಣ್ಣೆಗೆ ಬಣ್ಣ ಕೊಡುತ್ತವೆ. ಹೆಚ್ಚಿನವು ಪುಕ್ಕಟೆ ಅಥವಾ ಪುಡಿಗಾಸಿಗೆ ಸಿಗುತ್ತವೆ.

2. ಬಿಳಿ ಅಥವಾ ಬೂದು ಉಣ್ಣೆಯಿಂದ ಶುರು ಮಾಡಿ. ನಮ್ಮ ಕಡೆಯ ದಖ್ಖನಿ ಕುರಿಯ ಉಣ್ಣೆ ಹೆಚ್ಚಾಗಿ ಕಪ್ಪು ಅಥವಾ ಕಂದು, ಎಳೆ ಒರಟು. ಕಪ್ಪಿನ ಮೇಲೆ ಯಾವ ಸೊಪ್ಪಿನ ಬಣ್ಣವೂ ಕಾಣುವುದಿಲ್ಲ. ಹಿಂಡಿನಲ್ಲಿ ಬಿಳಿ, ಕೆನೆ, ತಿಳಿಬೂದು ಕುರಿಗಳೂ ಇರುತ್ತವೆ. ಉಣ್ಣೆ ಕತ್ತರಿಸುವ ದಿನವೇ ಹೋಗಿ ಅವುಗಳದನ್ನು ಬೇರೆ ಚೀಲಕ್ಕೆ ಹಾಕಿಸಿಕೊಳ್ಳಿ. ಒಮ್ಮೆ ರಾಶಿಗೆ ಸೇರಿತೆಂದರೆ ಮತ್ತೆ ಆರಿಸಲಾಗದು. ತಿಳಿಬೂದಿನ ಮೇಲೆ ಬಿದ್ದ ಹಳದಿ ಸೌಮ್ಯವಾದ ಹಸಿರುಗಂದಾಗುತ್ತದೆ, ನೀಲಿ ಮೋಡದ ಬಣ್ಣಕ್ಕೆ ತಿರುಗುತ್ತದೆ. ಅಚ್ಚ ಬಿಳಿಯ ಮೇಲೆ ಸಿಗದ ಗಾಂಭೀರ್ಯ ಅದಕ್ಕಿದೆ ಎಂಬುದು ನನ್ನ ಅಭಿಪ್ರಾಯ.

ಕರಿ ಉಣ್ಣೆಯನ್ನು ಹಾಗೇ ಬಿಡಿ. ಬೀರೇಶ್ವರ, ಮೈಲಾರಲಿಂಗನ ಪೂಜೆಗೆ ಹಾಸುವ ಕರಿ ಕಂಬಳಿಯ ಕಪ್ಪು ಕುರಿಯ ಮೈಯದ್ದೇ ಹೊರತು ಬಣ್ಣದ ಹಂಡೆಯದ್ದಲ್ಲ. ಬಣ್ಣ ಹಾಕಿದ ಎಳೆಗಳ ಪಕ್ಕದಲ್ಲಿ ಅಂಚಾಗಿ ಬಳಸಿದರೆ ಅದಕ್ಕಿಂತ ಒಳ್ಳೆಯ ಕಪ್ಪು ಮತ್ತೊಂದಿಲ್ಲ.

3. ಜಿಡ್ಡು ಪೂರ್ತಿ ತೆಗೆಯಿರಿ. ಹಸಿ ಉಣ್ಣೆಯಲ್ಲಿ ಕುರಿಯ ಮೈಜಿಡ್ಡು, ಬೆವರಿನ ಉಪ್ಪು, ಮಣ್ಣು, ಮುಳ್ಳು ಎಲ್ಲ ಇರುತ್ತವೆ. ಜಿಡ್ಡು ಉಳಿದ ಕಡೆ ಬಣ್ಣ ಒಳಗೆ ಇಳಿಯದೆ ಕಲೆ ಕಲೆಯಾಗುತ್ತದೆ. ಮೊದಲು ತಣ್ಣೀರಲ್ಲಿ ರಾತ್ರಿಯಿಡೀ ನೆನೆಹಾಕಿ. ಆಮೇಲೆ ಅಂಟುವಾಳಕಾಯಿ ಕುದಿಸಿ ಸೋಸಿದ ನೀರನ್ನು ಕೈ ತಡೆಯಲಾರದಷ್ಟು ಬಿಸಿ ಮಾಡಿ, ಉಣ್ಣೆಯನ್ನು ಅದರಲ್ಲಿ ಮುಳುಗಿಸಿ ಅರ್ಧ ಗಂಟೆ ಬಿಡಿ. ಉಜ್ಜಬಾರದು, ಹಿಂಡಬಾರದು, ಕೋಲಿನಿಂದ ಅದುಮಿದರೆ ಸಾಕು. ತೊಳೆದ ಉಣ್ಣೆ ನೀರಲ್ಲಿ ತೇಲದೆ ತಾನಾಗಿ ಮುಳುಗಿದರೆ ಜಿಡ್ಡು ಹೋಗಿದೆ ಎಂದರ್ಥ. ನೇಯ್ದ ಕಂಬಳಿಗೇ ಬಣ್ಣ ಹಾಕುವುದಾದರೆ ಹುಣಸೆ ಬೀಜದ ಗಂಜಿ ಮೊದಲು ಬಿಡಬೇಕು, ಅದಕ್ಕೆ ಇನ್ನೆರಡು ಬಾರಿ ನೆನೆಸಿ.

4. ಕಾವು ನಿಧಾನ, ಕೈ ನಿಧಾನ. ಉಣ್ಣೆ ಹಾಳಾಗುವುದು ಬಿಸಿಯಿಂದಲ್ಲ, ಗಾಬರಿಯಿಂದ. ಬಿಸಿ ನೀರಿನಿಂದ ತೆಗೆದು ತಣ್ಣೀರಿಗೆ ಎಸೆದರೆ, ಕುದಿಯುವಾಗ ಕೋಲಾಡಿಸಿದರೆ ಎಳೆಗಳ ಮೇಲಿನ ಸಣ್ಣ ಚಿಪ್ಪುಗಳು ಒಂದಕ್ಕೊಂದು ಸಿಕ್ಕಿಕೊಂಡು ಲಡಿ ಮುದ್ದೆಗಟ್ಟುತ್ತದೆ. ಆಮೇಲೆ ಅದನ್ನು ಬಿಡಿಸುವವರಿಲ್ಲ. ಉಗುರು ಬೆಚ್ಚಗಿನ ನೀರಿಗೆ ಒದ್ದೆ ಉಣ್ಣೆ ಇಳಿಸಿ, ಮುಕ್ಕಾಲು ಗಂಟೆಯಲ್ಲಿ 80–85 ಡಿಗ್ರಿಗೆ ತನ್ನಿ. ತಳದಿಂದ ಸಣ್ಣ ಗುಳ್ಳೆ ಏಳಲು ಶುರುವಾದ ಹಂತವದು. ಅಲ್ಲೇ ಉರಿ ತಗ್ಗಿಸಿ. ಮುಗಿದ ಮೇಲೆ ಪಾತ್ರೆಯಲ್ಲೇ ಆರಲಿ. ರಾತ್ರಿಯಿಡೀ ಬಿಟ್ಟರೆ ಬಣ್ಣವೂ ಇನ್ನಷ್ಟು ಇಳಿಯುತ್ತದೆ.

5. ಎಲ್ಲ ಅಳತೆಯೂ ಒಣ ಉಣ್ಣೆಯ ತೂಕದ ಮೇಲೆ. ‘ಒಂದು ಹಿಡಿ’, ‘ಸ್ವಲ್ಪ’ ಎಂಬ ಲೆಕ್ಕ ಅಡುಗೆಗೆ ಸರಿ, ಇಲ್ಲಿ ನಡೆಯದು. ಮೊದಲು 100 ಗ್ರಾಂ ಉಣ್ಣೆ ತೂಗಿ, ಮೂರು ನಾಲ್ಕು ಲೀಟರ್ ನೀರು ಇಡಿ. ಮುಂದಿನ ಅಳತೆಗಳೆಲ್ಲ ಆ 100 ಗ್ರಾಮಿಗೆ. ಕಿಲೋ ಉಣ್ಣೆಗೆ ಹತ್ತರಷ್ಟು ಮಾಡಿಕೊಂಡರಾಯಿತು. ಗ್ರಾಂ ತೋರಿಸುವ ಸಣ್ಣ ತಕ್ಕಡಿ ಈ ಕಸುಬಿನ ಮೊದಲ ಬಂಡವಾಳ. ಬಣ್ಣದ ಪುಡಿಗಿಂತ ಮೊದಲು ಅದನ್ನು ಕೊಳ್ಳಿ.

6. ಪಟಿಕದ ಜೊತೆ ಹುಣಸೆ. ಹೆಚ್ಚಿನ ಹಳದಿ, ಕೆಂಪು ಬಣ್ಣಗಳು ಉಣ್ಣೆಗೆ ಕಚ್ಚಿಕೊಳ್ಳಲು ಮಧ್ಯೆ ಒಂದು ಲೋಹದ ಲವಣ ಬೇಕು. ಅದರಲ್ಲಿ ಅತಿ ಸಾಧು ಪಟಿಕ. ತುಮಕೂರಿನ ಮಂಡಿಪೇಟೆ ಕಡೆ ಯಾವ ಗ್ರಂಧಿಗೆ ಅಂಗಡಿಯಲ್ಲಿ ಕೇಳಿದರೂ ಗಡ್ಡೆ ಪಟಿಕ ಸಿಗುತ್ತದೆ. 100 ಗ್ರಾಮಿಗೆ 12 ಗ್ರಾಂ ಪುಡಿ ಮಾಡಿ ಬಿಸಿನೀರಲ್ಲಿ ಕರಗಿಸಿ.

ಹೊರದೇಶದ ಪುಸ್ತಕಗಳು ಇದರ ಜೊತೆಗೆ ‘ಕ್ರೀಮ್ ಆಫ್ ಟಾರ್ಟರ್’ ಹಾಕಿ ಎನ್ನುತ್ತವೆ. ದ್ರಾಕ್ಷಾರಸದ ಪೀಪಾಯಿಗಳಲ್ಲಿ ಕಟ್ಟುವ ಉಪ್ಪು ಅದು. ಅದರ ಸತ್ವವಾದ ಟಾರ್ಟಾರಿಕ್ ಆಮ್ಲ ನಮ್ಮ ಹುಣಸೆಹಣ್ಣಿನಲ್ಲಿ ಧಾರಾಳವಾಗಿದೆ. ತುಮಕೂರಿನ ಹುಣಸೆ ವ್ಯಾಪಾರ ಎಂಥದ್ದೆಂದು ಇಲ್ಲಿಯವರಿಗೆ ಹೇಳಬೇಕಿಲ್ಲ. ನಿಂಬೆ ಗಾತ್ರದ ಹುಣಸೆ ಕಿವುಚಿ, ತೆಳು ಬಟ್ಟೆಯಲ್ಲಿ ಎರಡು ಸಲ ಸೋಸಿ ಪಟಿಕದ ನೀರಿಗೆ ಸೇರಿಸಿ. ಉಣ್ಣೆ ಮೃದುವಾಗಿ ಉಳಿಯುತ್ತದೆ, ಬಣ್ಣ ಹೊಳಪು ಪಡೆಯುತ್ತದೆ. ಆ ವರ್ಷದ ಹೊಸ ಹುಣಸೆಯೇ ಆಗಲಿ. ಹಳೆಯದು ಕಪ್ಪಾಗಿದ್ದು ತನ್ನ ಮಸಿಯನ್ನೂ ಉಣ್ಣೆಗೆ ಬಿಡುತ್ತದೆ. ಇದರಲ್ಲಿ ಒಂದು ಗಂಟೆ ಕಾಯಿಸಿ, ಆರಿಸಿ, ನೀರು ಹಿಂಡದೆ ಬಸಿದು ತೆಗೆಯಿರಿ. ಅವತ್ತೇ ಬಣ್ಣಕ್ಕೆ ಇಳಿಸಬಹುದು, ಒಣಗಿಸಿಟ್ಟು ಮುಂದಿನ ತಿಂಗಳೂ ಬಳಸಬಹುದು.

7. ಚೊಗರನ್ನು ನಿಮ್ಮ ಮೊದಲ ಬಣ್ಣ ಮಾಡಿಕೊಳ್ಳಿ. ಹಸಿ ಅಡಿಕೆ ಸುಲಿದು ಬೇಯಿಸಿದಾಗ ಅದರ ಒಗರೆಲ್ಲ ನೀರಿಗಿಳಿಯುತ್ತದೆ. ಹಂಡೆ ಹಂಡೆ ಬೇಯಿಸುತ್ತಾ ಹೋದಂತೆ ಆ ನೀರು ದಪ್ಪಗಾಗಿ, ಬತ್ತಿಸಿದರೆ ಕಾಕಂಬಿಯ ಹಾಗೆ ಅಂಟುಅಂಟಾಗುತ್ತದೆ. ಅಡಿಕೆಗೆ ಬಣ್ಣ ಕಟ್ಟಲು ಅದನ್ನೇ ಬಳಸುತ್ತಾರೆ, ಉಳಿದದ್ದನ್ನು ಮಾರುತ್ತಾರೆ. ಗುಬ್ಬಿ, ತುಮಕೂರು, ಕುಣಿಗಲ್ ತೋಟದ ಸೀಮೆಯಲ್ಲಿ ಸುಗ್ಗಿಯ ತಿಂಗಳುಗಳಲ್ಲಿ ಒಂದು ಡಬ್ಬ ಕೇಳಿದರೆ ಕೊಡದ ಚೇಣಿ ಮನೆ ಅಪರೂಪ.

ಒಗರು ಹೆಚ್ಚಿರುವ ವಸ್ತುಗಳಿಗೆ ಪಟಿಕವಿಲ್ಲದೆಯೂ ಉಣ್ಣೆಯನ್ನು ಹಿಡಿಯುವ ಶಕ್ತಿ ಇದೆ. ಹೊಸಬರಿಗೆ ಚೊಗರು ಒಗ್ಗುವುದು ಅದಕ್ಕೇ. ಗಟ್ಟಿ ಚೊಗರಾದರೆ 20–30 ಗ್ರಾಂ, ನೀರಾಗಿದ್ದರೆ ಅರ್ಧ ಲೀಟರಿನಷ್ಟು ತೆಗೆದುಕೊಂಡು ಬಟ್ಟೆಯಲ್ಲಿ ಸೋಸಿ ಉಣ್ಣೆ ಇಳಿಸಿ. ಒಂದು ಗಂಟೆಯ ಕಾವಿಗೆ ಕೆಂಪುಗಂದು ಬರುತ್ತದೆ. ಅದೇ ಪಾತ್ರೆಯ ಉಳಿದ ನೀರಿನಲ್ಲಿ ಎರಡನೇ ಲಡಿ ಹಾಕಿದರೆ ಗುಲಾಬಿ ಛಾಯೆಯ ತಿಳಿಗಂದು. ಎರಡನ್ನೂ ಜೋಡಿಯಾಗಿ ಹೆಣೆದರೆ ಅದೇ ಒಂದು ವಿನ್ಯಾಸ.

ಇನ್ನೂ ಕೆಂಪು ಬೇಕೆ? ಎಲೆ, ಅಡಿಕೆ, ಸುಣ್ಣ ಸೇರಿದರೆ ಬಾಯಿ ಕೆಂಪಾಗುವ ರಸಾಯನವೇ ಇಲ್ಲೂ ಕೆಲಸ ಮಾಡುತ್ತದೆ. ಬಣ್ಣವಾದ ಲಡಿಯನ್ನು ಚೆನ್ನಾಗಿ ತೆಳುಮಾಡಿದ ಸುಣ್ಣದ ತಿಳಿನೀರಿನಲ್ಲಿ ಒಂದೇ ನಿಮಿಷ ಅದ್ದಿ ತೆಗೆದು, ಕೂಡಲೇ ವಿನೆಗರ್ ಬೆರೆತ ನೀರಿನಲ್ಲಿ ಜಾಲಿಸಿ. ಹೆಚ್ಚು ಹೊತ್ತು ಬೇಡ, ಬಿಸಿ ಅಂತೂ ಬೇಡವೇ ಬೇಡ; ಸುಣ್ಣದಲ್ಲಿ ನೆನೆದ ಉಣ್ಣೆ ಪುಡಿಯಾಗುತ್ತದೆ.

ಸಾಗರ ತಾಲ್ಲೂಕಿನ ಹೆಗ್ಗೋಡು ಬಳಿ ಭೀಮನಕೋಣೆಯ ‘ಚರಕ’ ಮಹಿಳಾ ಸಹಕಾರ ಸಂಘ ನೈಸರ್ಗಿಕ ಬಣ್ಣದ ಹತ್ತಿ ಬಟ್ಟೆಯಲ್ಲಿ ಹೆಸರು ಮಾಡಿದೆ, ಅವರ ಬಣ್ಣಗಳಲ್ಲಿ ಅಡಿಕೆ ಚೊಗರೂ ಒಂದು. ಹತ್ತಿಗಿಂತ ಉಣ್ಣೆ ಬಣ್ಣವನ್ನು ಸುಲಭವಾಗಿ ಹಿಡಿಯುತ್ತದೆ. ಮಲೆನಾಡಿನ ಹತ್ತಿಗೆ ಆದದ್ದು ಬಯಲುಸೀಮೆಯ ಉಣ್ಣೆಗೆ ಆಗದೆ ಇರಲು ಕಾರಣವಿಲ್ಲ.

8. ಹಳದಿಗೆ ಮೂರು ದಾರಿ. ದಾಳಿಂಬೆ ಸಿಪ್ಪೆ ಒಣಗಿಸಿ ಕುಟ್ಟಿ, 50 ಗ್ರಾಂ ಸಾಕು. ಸಾಸಿವೆ ಹಳದಿ ಬರುತ್ತದೆ, ಬಾಳಿಕೆಯೂ ಚೆನ್ನ. ಚೆಂಡು ಹೂವಿನ ಒಣ ಎಸಳು 50ರಿಂದ 100 ಗ್ರಾಂ. ಆಯುಧಪೂಜೆ, ದೀಪಾವಳಿ ಮುಗಿದ ಮರುದಿನ ಅಂತರಸನಹಳ್ಳಿ ಮಾರುಕಟ್ಟೆಗೆ ಹೋದರೆ ವರ್ಷಕ್ಕಾಗುವಷ್ಟು ಹೂ ಸಿಗುತ್ತದೆ. ತೊಟ್ಟು ಬಿಡಿಸಿ ನೆರಳಲ್ಲಿ ಒಣಗಿಸಿ. ಇದನ್ನು ಕೊತಕೊತ ಕುದಿಸಿದರೆ ಚಿನ್ನದ ಬಣ್ಣ ಹೋಗಿ ಮಂಕುಗಂದಾಗುತ್ತದೆ.

ಮೂರನೆಯದು ಹಲಸು. ಗುಬ್ಬಿ ತಾಲ್ಲೂಕಿನ ಚೇಳೂರಿನ ‘ಸಿದ್ದು’ ಹಲಸನ್ನು ಹಿರೇಹಳ್ಳಿಯ ತೋಟಗಾರಿಕಾ ಸಂಶೋಧನಾ ಕೇಂದ್ರ ಗುರುತಿಸಿ ಸಸಿ ಹಂಚಿದ ಮೇಲೆ ಅದರ ತಾಮ್ರಗೆಂಪು ತೊಳೆ ನಾಡಿಗೆಲ್ಲ ಪರಿಚಯ. ಆ ತೊಳೆಯ ಕೆಂಪು ಉಣ್ಣೆಗೆ ಹತ್ತುವುದಿಲ್ಲ. ಬಣ್ಣ ಇರುವುದು ಮರದ ಚೇಗಿನಲ್ಲಿ. ಆಗ್ನೇಯ ಏಷ್ಯಾದ ಬೌದ್ಧ ಭಿಕ್ಕುಗಳು ಚೀವರಕ್ಕೆ ಹಾಕಿಕೊಳ್ಳುತ್ತಾ ಬಂದ ಹಳದಿ ಇದೇ ಹಲಸಿನ ಚೇಗಿನದ್ದು. ಸಾ ಮಿಲ್ಲಿನವರಿಗೆ ಹೇಳಿಟ್ಟು ಹಲಸಿನ ಪುಡಿಯನ್ನೇ ಬೇರೆ ತುಂಬಿಸಿಕೊಳ್ಳಿ, ತೆಳು ಬಟ್ಟೆಯಲ್ಲಿ ಗಂಟು ಕಟ್ಟಿ ನೀರಿಗೆ ಬಿಡಿ. ಗಂಟು ಕಟ್ಟದೆ ಹಾಕಿದರೆ ಪುಡಿ ಉಣ್ಣೆಯೊಳಗೆ ಸೇರಿ ತಿಂಗಳಾದರೂ ಉದುರುತ್ತಲೇ ಇರುತ್ತದೆ.

9. ನೀಲಗಿರಿ ಸೊಪ್ಪು, ಎಳನೀರು ಮಟ್ಟೆ. ಇವೆರಡಕ್ಕೆ ಖರ್ಚೇ ಇಲ್ಲ. ನೀಲಗಿರಿ ಎಲೆ ಉಣ್ಣೆಯ ತೂಕಕ್ಕೆ ಸಮ ಹಾಕಿ ಗಂಟೆಗಟ್ಟಲೆ ಕುದಿಸಿ, ಸೋಸಿ, ಆರಿದ ಮೇಲೆ ಉಣ್ಣೆ ಇಳಿಸಿ. ಪಟಿಕವಿಲ್ಲದೆಯೂ ಹಳದಿಗಂದು ಕೊಡುತ್ತದೆ. ಬೆಂಗಳೂರು–ಕುಣಿಗಲ್ ಹೆದ್ದಾರಿಯುದ್ದಕ್ಕೂ ರಾಶಿ ಬಿದ್ದಿರುವ ಎಳನೀರು ಮಟ್ಟೆಯನ್ನು ಹಸಿಯಾಗಿದ್ದಾಗಲೇ ಕೊಚ್ಚಿ ಎರಡು ದಿನ ನೆನೆಹಾಕಿದರೆ ನೀರು ತಾನಾಗಿ ಕೆಂಪಾಗುತ್ತದೆ.

10. ಅನ್ನಭೇದಿ ಎರಡೇ ಗ್ರಾಂ. ದಾಳಿಂಬೆ ಹಳದಿಯ ಲಡಿಯನ್ನು ಅನ್ನಭೇದಿ ನೀರಿಗೆ ಇಳಿಸಿದರೆ ಕಣ್ಣೆದುರೇ ಹಸಿರುಬೂದಾಗುತ್ತದೆ. ಚೊಗರಿನ ಕೆಂಪುಗಂದು ಕಾಫಿಬೀಜದ ಕಪ್ಪಿಗೆ ತಿರುಗುತ್ತದೆ. ಒಂದು ಬಣ್ಣದಿಂದ ಎರಡು ಬಣ್ಣ ಮಾಡುವ ಅತಿ ಅಗ್ಗದ ಉಪಾಯ. ಆದರೆ ಅದರಲ್ಲಿರುವ ಕಬ್ಬಿಣ ಉಣ್ಣೆಯನ್ನು ಕ್ರಮೇಣ ತಿನ್ನುತ್ತದೆ. 100 ಗ್ರಾಮಿಗೆ 2 ಗ್ರಾಂ ಸಾಕು, 4 ದಾಟಬೇಡಿ. ಅನ್ನಭೇದಿ ಸಿಗದಿದ್ದರೆ ಕಲಂಕಾರಿಯವರ ದಾರಿ ಹಿಡಿಯಿರಿ: ತುಕ್ಕು ಹಿಡಿದ ಮೊಳೆ, ಬೆಲ್ಲದ ನೀರು, ಮಡಕೆ, ಎರಡು ಮೂರು ವಾರ. ಅನ್ನಭೇದಿ ಮುಟ್ಟಿದ ಪಾತ್ರೆಯನ್ನು ಹಳದಿಗೆ ಮತ್ತೆ ಬಳಸಬೇಡಿ, ಚೂರು ಕಬ್ಬಿಣ ಉಳಿದರೂ ಹಳದಿ ಮಂಕಾಗುತ್ತದೆ. ಮೈಲುತುತ್ತ ಹಸಿರು ಕೊಡುತ್ತದೆಂದು ಹೇಳುವವರಿದ್ದಾರೆ. ಅದು ಕೆರೆಯ ಮೀನಿಗೆ ವಿಷ, ನಮಗೆ ಬೇಡ.

11. ನೀರು ಬದಲಾದರೆ ಬಣ್ಣವೂ ಬದಲು. ತುಮಕೂರು ನಗರದ ನಲ್ಲಿಗೆ ಬುಗುಡನಹಳ್ಳಿ ಕೆರೆಯಿಂದ ಹೇಮಾವತಿ ನೀರು ಬರುತ್ತದೆ. ಹಳ್ಳಿಯ ಬೋರ್‌ವೆಲ್ ನೀರು ಬೇರೆ, ಅದರಲ್ಲಿ ಸುಣ್ಣದಂಶ ಹೆಚ್ಚು. ಒಂದೇ ಚೆಂಡು ಹೂ, ಒಂದೇ ಪಟಿಕ. ಎರಡು ನೀರಲ್ಲಿ ಎರಡು ಹಳದಿ. ಮಳೆನೀರು ಹಿಡಿದಿಟ್ಟುಕೊಂಡರೆ ಅದಕ್ಕಿಂತ ಒಳ್ಳೆಯದಿಲ್ಲ. ನಲ್ಲಿ ನೀರಾದರೆ ಕ್ಲೋರಿನ್ ಹೋಗಲು ಒಂದು ದಿನ ತೆರೆದಿಡಿ. ಗ್ರಂಧಿಗೆ ಅಂಗಡಿಯ ಮಂಜಿಷ್ಠಕ್ಕೆ ಮಾತ್ರ ಸುಣ್ಣದಂಶದ ನೀರೇ ಒಗ್ಗುತ್ತದೆ, ಅದರ ಕೆಂಪು ಬೋರ್ ನೀರಲ್ಲಿ ತುಂಬಿಕೊಳ್ಳುತ್ತದೆ.

12. ನೀಲಿಗೆ ಬೇರೆಯೇ ನಿಯಮ. ಇಲ್ಲಿಯವರೆಗೆ ಹೇಳಿದ್ದೆಲ್ಲ ಸೋಸಿ ಕಾಯಿಸುವ ಬಣ್ಣ. ನೀಲಿ ನೀರಲ್ಲಿ ಕರಗುವುದೇ ಇಲ್ಲ. ಅದನ್ನು ಆಮ್ಲಜನಕವಿಲ್ಲದ ಹಂಡೆಯಲ್ಲಿ ಕರಗಿಸಬೇಕು, ಎಳೆಗೆ ಇಳಿದ ಮೇಲೆ ಗಾಳಿಯ ಆಮ್ಲಜನಕ ತಾಗಿಸಬೇಕು. ನೀಲಿ ಗಿಡದ ಪುಡಿ ತಮಿಳುನಾಡಿನ ತಿಂಡಿವನಂ, ಆಂಧ್ರದ ಕಡಪ ಕಡೆಯಿಂದ ಬರುತ್ತದೆ. 1897ರಲ್ಲಿ ಜರ್ಮನಿಯ ಬಿಎಎಸ್‌ಎಫ್ ಕಂಪನಿ ಕಾರ್ಖಾನೆಯ ನೀಲಿಯನ್ನು ಮಾರುಕಟ್ಟೆಗೆ ಬಿಟ್ಟ ಮೇಲೆ ಭಾರತದ ನೀಲಿ ಬೇಸಾಯ ನೆಲಕಚ್ಚಿತು. ಉಳಿದುಕೊಂಡ ಕೆಲವೇ ಸೀಮೆಗಳಲ್ಲಿ ಇವು ಸೇರಿವೆ.

ನೀಲಿ ಪುಡಿ ಒಂದು ಪಾಲು, ಸುಣ್ಣ ಎರಡು ಪಾಲು, ಸಿಹಿ ಮೂರು ಪಾಲು. ಸಿಹಿಗೆ ಬೆಲ್ಲ ಆದೀತು, ಆದರೆ ನಿಧಾನ. ಚೆನ್ನಾಗಿ ಕಳಿತ ಬಾಳೆಹಣ್ಣು ಕುದಿಸಿ ಸೋಸಿದ ನೀರು ಸೇರಿಸಿದರೆ ಬೇಗ. ದಕ್ಷಿಣದ ಹಳೆಯ ನೀಲಿಗಾರರು ಈ ಕೆಲಸಕ್ಕೆ ತಗಚೆ ಬೀಜ ಬೇಯಿಸಿ ಹಾಕುತ್ತಿದ್ದರು. ಮಳೆಗಾಲ ಕಳೆದರೆ ನಮ್ಮ ರಸ್ತೆ ಬದಿಯಲ್ಲೆಲ್ಲ ಅದೇ ಗಿಡ. ಬಿಸಿನೀರಲ್ಲಿ ಎಲ್ಲ ಕಲಸಿ ಮುಚ್ಚಿಟ್ಟು, ಆಗಾಗ ಮೆಲ್ಲನೆ ತಿರುಗಿಸಿ. ಮೇಲೆ ತಾಮ್ರದ ಹೊಳಪಿನ ಪೊರೆ, ಬದಿಗೆ ನೀಲಿ ನೊರೆ, ಒಳಗಿನ ನೀರು ಹಳದಿಹಸಿರು. ಈ ಮೂರೂ ಕಂಡರೆ ಹಂಡೆ ಸಿದ್ಧ. ಒಳಗೆ ಇನ್ನೂ ನೀಲಿಯೇ ಕಂಡರೆ ಕಾಯಿರಿ.

ಸುಣ್ಣ ಉಣ್ಣೆಗೆ ಆಗದು ಎಂಬುದನ್ನು ಇಲ್ಲಿ ಮರೆಯಬಾರದು. ಸುಣ್ಣ ತಳಕ್ಕೆ ಕೂರಲಿ, ಮೇಲಿನ ತಿಳಿಯಲ್ಲೇ ಅದ್ದಿ. ಹಂಡೆ ಹೊಸದಾಗಿದ್ದಾಗ ಬೇಡ. ಒಂದೆರಡು ದಿನ ಕಳೆದು ಕ್ಷಾರ ತಗ್ಗಿ, ಪಿಎಚ್ ಕಾಗದ 9ರ ಆಸುಪಾಸು ತೋರಿಸಲಿ. ನೀರು 45–50 ಡಿಗ್ರಿ. ನೆನೆದ ಲಡಿಯನ್ನು ನೊರೆ ಸರಿಸಿ ಇಳಿಸಿ, ಐದು ನಿಮಿಷ ಅಲುಗಿಸದೆ ಬಿಟ್ಟು ಎತ್ತಿ. ಎತ್ತಿದಾಗ ಎಳೆ ಹಳದಿಹಸಿರಾಗಿರುತ್ತದೆ. ಗಾಳಿ ತಾಗಿದಂತೆ ಹೊರ ಎಳೆಗಳಿಂದ ಶುರುವಾಗಿ ಹಸಿರು, ಆಮೇಲೆ ನೀಲಿ ಒಳಕ್ಕೆ ಹರಿದುಹೋಗುತ್ತದೆ. ಲಡಿಯನ್ನು ಬೆರಳಲ್ಲಿ ಬಿಡಿಸುತ್ತಾ ಹೋದರೆ ಒಳಗಿನ ಹಸಿರು ನೋಡನೋಡುತ್ತಲೇ ಮಾಯ. ಅರ್ಧ ಗಂಟೆ ಗಾಳಿಗೆ ಬಿಟ್ಟು ಮತ್ತೆ ಅದ್ದಿ. ಕಡುನೀಲಿ ಒಂದೇ ಸಲಕ್ಕೆ ಬರುವುದಿಲ್ಲ, ಅದ್ದಿದಷ್ಟೂ ಏರುತ್ತದೆ. ಕೊನೆಗೆ ವಿನೆಗರ್ ನೀರಲ್ಲಿ ಜಾಲಿಸಿ ಸುಣ್ಣ ಕಳೆಯಿರಿ. ಹಸಿರು ಬೇಕಾದವರು ಮೊದಲು ನೀಲಿ ಹಾಕಿ, ಆಮೇಲೆ ಪಟಿಕ, ಕೊನೆಗೆ ಹಲಸಿನ ಹಳದಿ.

13. ಬಿಸಿಲಿನ ಪರೀಕ್ಷೆ ಗೆದ್ದದ್ದನ್ನಷ್ಟೇ ಮಾರಿ. ಅರಿಶಿನ, ಬೀಟ್‌ರೂಟ್, ದಾಸವಾಳ ಇವು ಪಾತ್ರೆಯಲ್ಲಿ ಬಲು ಚೆಂದ. ಬೀಟ್‌ರೂಟ್ ಒಗೆತಕ್ಕೇ ಹೋಗುತ್ತದೆ, ಅರಿಶಿನ ಬಿಸಿಲಿಗೆ ಮಾಸುತ್ತದೆ. ಪ್ರತಿ ಬಣ್ಣದ ನೂಲನ್ನೂ ರಟ್ಟಿಗೆ ಸುತ್ತಿ, ಅರ್ಧ ಭಾಗವನ್ನು ದಪ್ಪ ಕಾಗದದಿಂದ ಮುಚ್ಚಿ ದಕ್ಷಿಣದ ಕಿಟಕಿಗೆ ಕಟ್ಟಿ. ಎರಡು ವಾರ ಬಿಟ್ಟು ಕಾಗದ ತೆಗೆಯಿರಿ. ಎರಡು ಭಾಗಕ್ಕೂ ವ್ಯತ್ಯಾಸ ಎದ್ದು ಕಂಡರೆ ಆ ಬಣ್ಣ ಮಕ್ಕಳ ಆಟಕ್ಕೆ ಇರಲಿ. ಕೊಂಡವರ ಶಾಲು ಒಂದೇ ಬೇಸಿಗೆಗೆ ಬಿಳಿಚಿಕೊಂಡರೆ, ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು.

14. ಪ್ರತಿ ಲಡಿಗೂ ಒಂದು ಚೀಟಿ. ತಾರೀಖು, ಉಣ್ಣೆ ಯಾವ ಹಿಂಡಿನದು, ನೀರು ಯಾವುದು, ಪಟಿಕ ಎಷ್ಟು, ಸೊಪ್ಪು ಹಸಿಯೋ ಒಣಗಿದ್ದೋ, ಕಾವು ಎಷ್ಟು ಹೊತ್ತು. ಜೊತೆಗೆ ಗೇಣುದ್ದ ನೂಲು ಕಟ್ಟಿ. ಒಮ್ಮೆಗೆ ಒಂದನ್ನು ಮಾತ್ರ ಬದಲಿಸಿ. ನೀರೂ ಸೊಪ್ಪೂ ಒಟ್ಟಿಗೆ ಬದಲಾದರೆ ಯಾವುದರಿಂದ ಏನಾಯಿತೆಂದು ತಿಳಿಯದು. ಒಂದು ಶಾಲಿಗೆ ಬೇಕಾದ ನೂಲನ್ನೆಲ್ಲ ಒಂದೇ ಪಾತ್ರೆಯಲ್ಲಿ ಅದ್ದಿ, ಗಿಡದ ಬಣ್ಣ ಎರಡನೇ ಸಲಕ್ಕೆ ಹಾಗೇ ಬರುವುದು ಅಪರೂಪ. ಕುಣಿಗಲ್ ಕಡೆ ರೇಷ್ಮೆ ಸಾಕುವ ಮನೆಯವರು ಚಿಟ್ಟೆ ಹೊರಬಂದ ಗೂಡನ್ನು ಅಂಟು ತೆಗೆದು ಉಣ್ಣೆಗೆ ಹೇಳಿದ ಅಳತೆಯಲ್ಲೇ ಪ್ರಯತ್ನಿಸಬಹುದು. ರೇಷ್ಮೆಯೂ ಉಣ್ಣೆಯಂತೆ ಪ್ರೋಟೀನಿನ ಎಳೆ, ಬಣ್ಣ ಹಿಡಿಯುವ ರೀತಿ ಹೆಚ್ಚುಕಡಿಮೆ ಅದೇ.

15. ಪಾತ್ರೆ ಬೇರೆ, ನೀರಿಗೆ ಜಾಗ ಬೇರೆ. ಬಣ್ಣದ ಪಾತ್ರೆ, ಸೌಟು, ಸೋಸುವ ಬಟ್ಟೆ ಅಡುಗೆಮನೆಗೆ ಮರಳಬಾರದು. ಪಾತ್ರೆ ಸ್ಟೀಲಿನದೇ ಆಗಲಿ. ಅಲ್ಯೂಮಿನಿಯಂ, ಕಬ್ಬಿಣದ ಪಾತ್ರೆಗಳು ಬಣ್ಣದಲ್ಲಿ ಕೈಯಾಡಿಸುತ್ತವೆ. ಅನ್ನಭೇದಿ, ಸುಣ್ಣ ಕಲಸುವಾಗ ಕೈಗವಸು ಹಾಕಿ, ಹಿತ್ತಿಲ ಗಾಳಿಯಲ್ಲಿ ಒಲೆ ಹೂಡಿ. ದೇವರಾಯನದುರ್ಗದ ಕಾಡಿಗೆ ತೊಗಟೆ ಕೆತ್ತಲು ಹೋಗುವ ಅಗತ್ಯವಿಲ್ಲ. ತೊಗಟೆ ಸುಲಿದ ಮರ ಸಾಯುತ್ತದೆ, ಬಣ್ಣಕ್ಕೆ ಬಿದ್ದ ಎಲೆ ಸಾಕು. ಸಿಪ್ಪೆ, ಸೊಪ್ಪಿನ ಉಳಿಕೆ ತಿಪ್ಪೆಗೆ ಹಾಕಿ. ಪಟಿಕದ ನೀರನ್ನು ಚೆಲ್ಲುವ ಬದಲು ಅರ್ಧದಷ್ಟು ಪಟಿಕ ಹೊಸದಾಗಿ ಸೇರಿಸಿ ಇನ್ನೊಮ್ಮೆ ಬಳಸಬಹುದು. ಕೊನೆಗೆ ಚೆಲ್ಲಲೇಬೇಕಾದಾಗ ತುಂಬ ನೀರು ಬೆರೆಸಿ, ಬಾವಿ, ಕೆರೆ ಕಾಲುವೆಯಿಂದ ದೂರದ ಒಣ ನೆಲಕ್ಕೆ ಸುರಿಯಿರಿ.